ಬೆಳೆಯುತ್ತಿರುವ ಊರಿನಿಂದ ‘ಕ್ರೈಮ್ ಇನ್ ಇಂಡಿಯಾ’ ವರದಿಯನ್ನು ಓದಿದಾಗ

ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಜೆರಾಕ್ಸ್, ಟೈಪಿಂಗ್ ಮತ್ತು ಆನ್‌ಲೈನ್ ಅರ್ಜಿಗಳ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿರುವ ನನ್ನ ಕೈಗೆ ಪಹಣಿ, ಪೋಡಿ (ಜಮೀನು ಅಳೆದು ಪಾಲು ಬೇರ್ಪಡಿಸುವ) ನಕ್ಷೆ, ವಿಭಾಗ ಪತ್ರಗಳ ಜೊತೆಗೆ ಎಫ್‌ಐಆರ್ ಪ್ರತಿಗಳೂ ಬರುತ್ತವೆ. 2025ರ ದಸರಾ ಮುಗಿದ ವಾರ, ಮಗಳಿಗೆ ನರಸಾಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಎರಡನೇ ಪಾಳಿಯ ಕೆಲಸ ಸಿಕ್ಕಿದೆಯೆಂದು ದಾಖಲೆ ಪತ್ರಗಳ ಪ್ರತಿ ಮಾಡಿಸಲು ಬಂದ ತಾಯಿಯೊಬ್ಬರು ಮೊಬೈಲ್ ತೆಗೆದು, ಮಚ್ಚು ಹಿಡಿದು ಓಡುತ್ತಿರುವ ಇಬ್ಬರು ಹುಡುಗರ ಇಪ್ಪತ್ತು ಸೆಕೆಂಡಿನ ವಿಡಿಯೊ ತೋರಿಸಿದರು. ‘ಇದು ನಮ್ಮೂರಿಂದೇ ಅಂತೆ. ರಾತ್ರಿ ಹನ್ನೊಂದಕ್ಕೆ ಬಸ್ಸಿಳಿದು ನಡೆದುಕೊಂಡು ಬರಬೇಕು. ಕಳಿಸಲೋ ಬೇಡವೋ ನೀವೇ ಹೇಳಿ’ ಎಂದರು. ವಿಡಿಯೊದಲ್ಲಿ ಹುಡುಗರ ಹಿಂದೆ ಕಾಣುತ್ತಿದ್ದ ಅಂಗಡಿಯ ಬೋರ್ಡು ತೆಲುಗಿನಲ್ಲಿತ್ತು. ಅದನ್ನು ದೊಡ್ಡದು ಮಾಡಿ ತೋರಿಸಿದೆ. ಇದು ನಮ್ಮೂರಲ್ಲ ಎಂಬುದನ್ನು ಅವರು ಒಪ್ಪಿದರು. ಆದರೆ ಅವರ ಪ್ರಶ್ನೆ ಆ ವಿಡಿಯೊದಿಂದ ಹುಟ್ಟಿದ್ದಲ್ಲ, ವಿಡಿಯೊದೊಂದಿಗೆ ಹೋಗುವಂಥದ್ದೂ ಆಗಿರಲಿಲ್ಲ. ಊರು ಬೆಳೆದಂತೆ ಹೊಡೆದಾಟ, ಸುಲಿಗೆ, ಕೊಲೆಗಳೂ ಬೆಳೆದಿವೆಯೇ ಎಂದು ಕೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ, ಹೌದು ಎಂದು ಖಂಡಿತವಾಗಿ ಹೇಳುವವರು ಇನ್ನೂ ಹೆಚ್ಚು ಮಂದಿ ಇದ್ದಾರೆ, ಲೆಕ್ಕ ತೋರಿಸುವವರನ್ನು ಮಾತ್ರ ನಾನು ಕಂಡಿಲ್ಲ. ಅದಕ್ಕೆ ಕೆಲವೇ ದಿನ ಮೊದಲು 2023ರ ‘ಕ್ರೈಮ್ ಇನ್ ಇಂಡಿಯಾ’ ಹೊರಬಂದಿತ್ತು. ಅದನ್ನೂ ಹಿಂದಿನ ವರ್ಷದ ಸಂಪುಟಗಳನ್ನೂ ಇಳಿಸಿಕೊಂಡು ಹಲವು ರಾತ್ರಿ ಓದಿದ್ದೇನೆ. ನಮ್ಮಂಥ ಊರಿನ ಓದುಗನಿಗೆ ಈ ವರದಿ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

‘ಕ್ರೈಮ್ ಇನ್ ಇಂಡಿಯಾ’ 1953ರ ಅಂಕಿಅಂಶಗಳಿಂದ ಮೊದಲ್ಗೊಂಡು ವರ್ಷಕ್ಕೊಂದರಂತೆ ಬರುತ್ತಿರುವ ಸರ್ಕಾರಿ ಪ್ರಕಟಣೆ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಈಗ ಅದನ್ನು ಸಿದ್ಧಪಡಿಸುತ್ತದೆ. ಠಾಣೆಯಲ್ಲಿ ದಾಖಲಾದ ಪ್ರಕರಣದ ವಿವರ ಜಿಲ್ಲೆಯ ಅಪರಾಧ ದಾಖಲೆಗಳ ವಿಭಾಗಕ್ಕೆ, ಅಲ್ಲಿಂದ ಬೆಂಗಳೂರಿನ ರಾಜ್ಯ ಬ್ಯೂರೊಗೆ, ಅಲ್ಲಿಂದ ದೆಹಲಿಗೆ ಹೋಗಿ ಮೂರು ಸಂಪುಟಗಳ ಕೋಷ್ಟಕಗಳಾಗಿ ಹೊರಬರುತ್ತದೆ. ಬ್ಯೂರೊದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಹೆಸರು ನೋಂದಾಯಿಸಬೇಕಿಲ್ಲ, ಶುಲ್ಕ ಕಟ್ಟಬೇಕಿಲ್ಲ. ಇಷ್ಟು ದೊಡ್ಡ ದೇಶದ ಪ್ರತಿಯೊಂದು ಠಾಣೆಯ ಲೆಕ್ಕ ಒಂದೇ ನಮೂನೆಯಲ್ಲಿ ಕೂಡಿ ಬರುವುದು ಸಣ್ಣ ಕೆಲಸವಲ್ಲ, ಅದರ ಹಿಂದಿನ ದುಡಿಮೆಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಕನ್ನಡದಲ್ಲಿ ಈ ವರದಿ ಇಲ್ಲವೆಂಬುದು ಒಂದು ಕೊರತೆ. ಎಫ್‌ಐಆರ್ ಕನ್ನಡದಲ್ಲಿ ಬರೆಯಲ್ಪಡುತ್ತದೆ, ಸಾಕ್ಷಿ ಕನ್ನಡದಲ್ಲಿ ಹೇಳುತ್ತಾನೆ. ಅವೆಲ್ಲ ಸೇರಿ ಆದ ಮೊತ್ತವನ್ನು ಮಾತ್ರ ಕನ್ನಡದವರು ಇಂಗ್ಲಿಷಿನಲ್ಲಿ ಓದಬೇಕು.

ವರದಿಯ ಜೀವಾಳ ಇರುವುದು ಎರಡನೇ ಅಧ್ಯಾಯದ ಕೊಲೆ ಕೋಷ್ಟಕಗಳಲ್ಲಿ. 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣಗಳು ದಾಖಲಾದವು, 2023ರಲ್ಲಿ 27,721. ಇವೆರಡನ್ನೇ ನೋಡಿದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಹಳೆಯ ಸಂಪುಟಗಳಿಗೆ ಹೋದರೆ 1992ರಲ್ಲಿ 40,105 ಕೊಲೆಗಳು ದಾಖಲಾಗಿದ್ದವು ಎಂದು ಕಾಣುತ್ತದೆ. ಆಗಿನ ಜನಸಂಖ್ಯೆಗೆ ಲೆಕ್ಕ ಹಾಕಿದರೆ ಲಕ್ಷಕ್ಕೆ 4.6, 2022ರ ಹೊತ್ತಿಗೆ ಅದು 2.1ಕ್ಕೆ ಇಳಿದಿದೆ. ಜನಸಂಖ್ಯೆ ಇಷ್ಟು ಬೆಳೆದ ಮೇಲೂ ಕೊಲೆಗಳ ಒಟ್ಟು ಸಂಖ್ಯೆಯೇ ಕಡಿಮೆಯಾಗಿದೆ. ಈ ಸಾಲನ್ನು ನಾನು ಎರಡೆರಡು ಬಾರಿ ಓದಿದೆ, ಏಕೆಂದರೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತು ‘ಆಗ ಹಿಂಗಿರಲಿಲ್ಲ’ ಎಂದು ಹೇಳುವ ಹಿರಿಯರೆಲ್ಲ ನೆನೆಯುವುದು ಆ ತೊಂಬತ್ತರ ದಶಕವನ್ನೇ. ದೇಶದ ಸರಾಸರಿ ನಮ್ಮ ಬೀದಿಗೆ ಹಾಗೆಯೇ ಅನ್ವಯಿಸುತ್ತದೆ ಎಂದು ಇದರಿಂದ ಹೇಳಲಾಗದು. ಆದರೂ ಕಾಲ ಕೆಟ್ಟಿತು ಎಂಬ ಮಾತಿಗೆ ಕೊಲೆಯ ಲೆಕ್ಕ ಸಾಕ್ಷಿ ನುಡಿಯುವುದಿಲ್ಲ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಇದಕ್ಕಿಂತ ಬೆಲೆಯುಳ್ಳದ್ದು ಅದರ ಪಕ್ಕದ ಕೋಷ್ಟಕ, ಅಂದರೆ ಕೊಲೆಗೆ ಕಾರಣವೇನು ಎಂಬುದರ ಪಟ್ಟಿ. 2022ರ 28,522ರಲ್ಲಿ 9,962 ಕೊಲೆಗಳು ‘ವಿವಾದ’ ಎಂಬ ಶೀರ್ಷಿಕೆಯಡಿ ಬಂದಿವೆ, 3,761 ವೈಯಕ್ತಿಕ ದ್ವೇಷದಡಿ, 1,884 ಲಾಭಕ್ಕಾಗಿ ಮಾಡಿದ ಕೊಲೆಗಳಡಿ. 2023ರಲ್ಲೂ ಇದೇ ಕ್ರಮ: 9,209, 3,458, 1,890. ವಿವಾದ ಎಂಬುದನ್ನು ಬಿಡಿಸಿದರೆ ಒಳಗೆ ಮನೆಜಗಳ, ಆಸ್ತಿ ಮತ್ತು ಜಮೀನಿನ ತಕರಾರು, ಹಣಕಾಸಿನ ವ್ಯವಹಾರ, ನೀರಿನ ಜಗಳ, ಕ್ಷುಲ್ಲಕ ಕಾರಣಕ್ಕೆ ಎದ್ದ ಗಲಾಟೆಗಳು ಸಿಗುತ್ತವೆ. ಗ್ಯಾಂಗ್ ವೈರದ ಕೊಲೆಗೆ ಬೇರೆಯೇ ಕಲಂ ಇದೆ. ಟಿ.ವಿ.ಯಲ್ಲಿ ಅತಿ ಹೆಚ್ಚು ಹೊತ್ತು ತೋರಿಸುವುದು ಅದನ್ನೇ, ಆದರೆ ಕೋಷ್ಟಕದಲ್ಲಿ ಮೂರನೇ ಒಂದು ಭಾಗವನ್ನು ಆಕ್ರಮಿಸಿರುವುದು ಅಣ್ಣ-ತಮ್ಮ, ದಾಯಾದಿ, ನೆರೆಹೊರೆ, ಸಾಲ ಕೊಟ್ಟವನು ಮತ್ತು ಪಡೆದವನ ನಡುವಿನ ತಕರಾರು.

ಬೆಳೆಯುತ್ತಿರುವ ಊರಿನಲ್ಲಿ ಇದರ ಅರ್ಥವೇನೆಂದು ನನ್ನ ಮೇಜಿನ ಮೇಲೆ ಬರುವ ಕಾಗದಗಳೇ ಹೇಳುತ್ತವೆ. ಹೊಸಕೋಟೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 36 ಸಾವಿರ ದಾಟಿತ್ತು, 2011ರಲ್ಲಿ ಸುಮಾರು 57 ಸಾವಿರವಾಯಿತು. ಹೆದ್ದಾರಿ 75 ಊರಿನ ಪಕ್ಕದಲ್ಲೇ ಇದೆ, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುವುದು ಇಲ್ಲಿಂದಲೇ, ದಾಬಸ್‌ಪೇಟೆಯಿಂದ ಬರುವ ಉಪನಗರ ವರ್ತುಲ ರಸ್ತೆ ಸೇರುವುದೂ ಇಲ್ಲಿಯೇ. ಹಿಂದೆ ರಾಗಿ ಬೆಳೆಯುತ್ತಿದ್ದ ಎರಡು ಎಕರೆಗೆ ಅಣ್ಣತಮ್ಮಂದಿರಲ್ಲಿ ಬಾಯಿಮಾತಿನ ವಿಭಾಗ ಸಾಕಾಗುತ್ತಿತ್ತು; ಬದು ಒಂದಡಿ ಆಚೀಚೆ ಆದರೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಆ ಒಂದಡಿ ಇಂದು ಲಕ್ಷಗಳ ಬೆಲೆ ಬಾಳುತ್ತದೆ. ಹೀಗಾಗಿ ಹದ್ದುಬಸ್ತು ಅರ್ಜಿ, ಪೋಡಿಯಾಗದ ಪಹಣಿ, ಹೆಣ್ಣುಮಕ್ಕಳ ಪಾಲು ಬಿಟ್ಟು ಮಾಡಿದ ಹಳೆಯ ವಿಭಾಗ ಪತ್ರ, ಒಂದೇ ನಿವೇಶನಕ್ಕೆ ಇಬ್ಬರಿಗೆ ಕೊಟ್ಟ ಜಿಪಿಎ (ಅಧಿಕಾರ ಪತ್ರ), ಇವೆಲ್ಲ ಕಂದಾಯ ಇಲಾಖೆಯ ವಿಷಯಗಳಾಗಿ ಶುರುವಾಗಿ ಪೊಲೀಸ್ ಇಲಾಖೆಯ ವಿಷಯಗಳಾಗಿ ಮುಗಿಯುವುದುಂಟು.

ಒಂದು ಎಫ್‌ಐಆರ್ ಪ್ರತಿಯನ್ನು ಯಾರ ಗುರುತೂ ತಿಳಿಯದಂತೆ ಇಲ್ಲಿ ವಿವರಿಸುತ್ತೇನೆ. ಕೃತ್ಯ ನಡೆದ ಸ್ಥಳ ಎಂಬ ಕಲಮಿನಲ್ಲಿ ಒಂದು ಸರ್ವೆ ನಂಬರ್, ಠಾಣೆಯಿಂದ ಇರುವ ದೂರ ಮತ್ತು ದಿಕ್ಕು. ತಡವಾಗಿ ದೂರು ನೀಡಲು ಕಾರಣ ಎಂಬಲ್ಲಿ ‘ಊರಿನ ಹಿರಿಯರು ರಾಜಿ ಮಾಡಿಸುವುದಾಗಿ ಹೇಳಿದ್ದರಿಂದ’. ಕೊನೆಯಲ್ಲಿ ಪಿರ್ಯಾದಿನ ಸಾರಾಂಶ: ಹಳೇ ದ್ವೇಷದ ಹಿನ್ನೆಲೆಯಲ್ಲಿ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ಬೈದು, ಸಲಿಕೆಯ ಕಾವಿನಿಂದ ಹೊಡೆದು, ಪ್ರಾಣಬೆದರಿಕೆ ಹಾಕಿರುತ್ತಾರೆ. ಈ ವಾಕ್ಯಗಳು ಎಷ್ಟೋ ಎಫ್‌ಐಆರ್‌ಗಳಲ್ಲಿ ಅಕ್ಷರಶಃ ಹೀಗೆಯೇ ಇರುತ್ತವೆ. ಅದನ್ನು ಪ್ರತಿ ಮಾಡಿಸಿಕೊಂಡ ಹೆಣ್ಣುಮಗಳು ಹೊರಗೆ ಹೋದ ಅರ್ಧ ಗಂಟೆಗೆ ಆಕೆಯ ಚಿಕ್ಕಪ್ಪನ ಮಗ ಬಂದು ಇನ್ನೊಂದು ಎಫ್‌ಐಆರ್ ಮುಂದಿಟ್ಟ. ಅದೇ ಸ್ಥಳ, ಅದೇ ಗಂಟೆ, ಆರೋಪಿ ಮತ್ತು ಪಿರ್ಯಾದಿಯ ಹೆಸರುಗಳು ಮಾತ್ರ ಅದಲುಬದಲು. ಕೋರ್ಟಿನ ಸುತ್ತಮುತ್ತ ಇದನ್ನು ಕೌಂಟರ್ ಕೇಸ್ ಎನ್ನುತ್ತಾರೆ. ಜಗಳ ಒಂದು, ಅಪರಾಧ ಸಂಖ್ಯೆ ಎರಡು. ವರ್ಷದ ಕೊನೆಗೆ ಎರಡೂ ಎಣಿಕೆಗೆ ಸೇರುತ್ತವೆ.

ಈ ಕಾರಣಕ್ಕೇ ವರದಿಯ ಎಲ್ಲ ಅಂಕಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಕೊಲೆಯೊಂದನ್ನು ಮಾತ್ರ ಮುಚ್ಚಿಡುವುದು ಕಷ್ಟ. ಶವ ಸಿಕ್ಕ ಮೇಲೆ ಏನಾದರೊಂದು ದಾಖಲಾಗಲೇಬೇಕು. (ಅನುಮಾನಾಸ್ಪದ ಸಾವನ್ನು ಮೊದಲು ಯುಡಿಆರ್, ಅಂದರೆ ಅಸ್ವಾಭಾವಿಕ ಸಾವಿನ ವರದಿ ಎಂದು ದಾಖಲಿಸಿ, ಮರಣೋತ್ತರ ಪರೀಕ್ಷೆಯ ವರದಿ ಬಂದ ಮೇಲೆ ಕೊಲೆಯೆಂದು ಬದಲಿಸುವುದೂ ಇದೆ.) ಕೊಲೆಗಿಂತ ಕೆಳಗಿನ ಮೆಟ್ಟಿಲುಗಳಲ್ಲಿ ಅಂಕಿ ಸಡಿಲವಾಗುತ್ತಾ ಹೋಗುತ್ತದೆ. ಮಚ್ಚಿನ ಏಟು ಭುಜಕ್ಕೆ ಬಿದ್ದರೆ ಅದು ಕೊಲೆಯತ್ನವೋ, ಮಾರಕಾಸ್ತ್ರದಿಂದ ಗಾಯಪಡಿಸಿದ್ದೋ ಎಂಬುದನ್ನು ಮೊದಲು ತೀರ್ಮಾನಿಸುವವರು ಠಾಣಾಧಿಕಾರಿ. ಗಾಯ ಸಾಧಾರಣವೋ ತೀವ್ರವೋ ಎಂಬುದನ್ನು ಹೇಳುವುದು ಆಸ್ಪತ್ರೆಯ ಗಾಯದ ಪ್ರಮಾಣಪತ್ರ. ಐದು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಿ ಬಲಪ್ರಯೋಗ ಮಾಡಿದರೆ ಕಾನೂನಿನ ಕಣ್ಣಿಗೆ ಅದು ದೊಂಬಿ. ಹೀಗಾಗಿ ಅಪ್ಪ, ಮೂವರು ಮಕ್ಕಳು ಮತ್ತು ಒಬ್ಬ ಅಳಿಯ ಸೇರಿ ಬದುವಿನ ಮೇಲೆ ಹೊಡೆದಾಡಿದರೂ ಅದು ದೊಂಬಿಯ ಕಲಂನಡಿ ಬರುತ್ತದೆ. ದೊಂಬಿ ಎಂದಾಕ್ಷಣ ಓದುಗನ ಕಣ್ಮುಂದೆ ಬರುವುದು ಬೆಂಕಿ ಹಚ್ಚಿದ ಬಸ್ಸು, ಕರ್ಫ್ಯೂ ಹಾಕಿದ ಬೀದಿ. ವರದಿ ದೊಂಬಿಯನ್ನು ಕೋಮು ಕಾರಣ, ಜಾತಿ ಕಾರಣ, ಜಮೀನು ಕಾರಣ ಎಂದು ಬಿಡಿಸಿ ತೋರಿಸುತ್ತದೆ, ಅದು ಒಳ್ಳೆಯದು. ಆದರೆ ಪತ್ರಿಕೆಗೆ ಬರುವುದು ಒಟ್ಟು ಮೊತ್ತ ಮಾತ್ರ.

ಇನ್ನೊಂದು ನಿಯಮವನ್ನು ಓದುಗರು ನೆನಪಿಡಬೇಕು. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ಅತಿ ಹೆಚ್ಚು ಶಿಕ್ಷೆಯುಳ್ಳ ಒಂದನ್ನು ಮಾತ್ರ ಎಣಿಸಲಾಗುತ್ತದೆ. ಅತ್ಯಾಚಾರ ಮಾಡಿ ಕೊಂದರೆ ಅದು ಕೊಲೆಯ ಲೆಕ್ಕಕ್ಕೆ ಹೋಗುತ್ತದೆ. ಮನೆಗೆ ನುಗ್ಗಿ ಒಡವೆಗಾಗಿ ವೃದ್ಧರನ್ನು ಕೊಂದರೆ ಅದೂ ಕೊಲೆಯೇ, ಸುಲಿಗೆಯ ಸಾಲಿನಲ್ಲಿ ಅದು ಕಾಣುವುದಿಲ್ಲ. ಇದು ಎಣಿಕೆಗೆ ಬೇಕಾದ ಶಿಸ್ತು ಎಂಬುದನ್ನು ಒಪ್ಪುತ್ತೇನೆ. ಬ್ಯೂರೊ ಈ ನಿಯಮವನ್ನು ಮರೆಮಾಚಿಲ್ಲ, ಅಪರಾಧ ಹೆಚ್ಚಾಗುವುದೂ ಅಪರಾಧದ ದಾಖಲಾತಿ ಹೆಚ್ಚಾಗುವುದೂ ಬೇರೆ ಬೇರೆ ಎಂಬ ಎಚ್ಚರಿಕೆಯನ್ನೂ ವರದಿಯಲ್ಲೇ ಕೊಟ್ಟಿದೆ. ದೂರು ಸ್ವೀಕರಿಸುವ ಒಳ್ಳೆಯ ಇನ್‌ಸ್ಪೆಕ್ಟರ್ ಒಬ್ಬರು ಬಂದ ವರ್ಷ ಆ ಠಾಣೆಯ ಅಂಕಿ ಏರುತ್ತದೆ. ದೂರು ಕೊಡಲು ಬಂದವರನ್ನು ಬುದ್ಧಿ ಹೇಳಿ ವಾಪಸು ಕಳಿಸುವ ಠಾಣೆಯ ಅಂಕಿ ಇಳಿಯುತ್ತದೆ. ಅಂಕಿ ಇಳಿದ ಊರೇ ಸುರಕ್ಷಿತ ಎಂದು ಭಾವಿಸುವವರು ಈ ಪುಟವನ್ನು ಓದಲೇಬೇಕು.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಹೋಲಿಕೆ ಇನ್ನೂ ಸೂಕ್ಷ್ಮವಾಗಿದೆ. ಬರೀ ಕೊಲೆಯ ಕಲಂ 302 ಹೋಗಿ 103 ಬಂತು, ಕೊಲೆಯತ್ನದ 307 ಹೋಗಿ 109 ಬಂತು ಎಂಬಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಹಳೆಯ ದಂಡ ಸಂಹಿತೆಯಲ್ಲಿ ಗಾಯಾಳು 20 ದಿನ ತೀವ್ರ ನೋವಿನಲ್ಲಿದ್ದರೆ ಅಥವಾ ತನ್ನ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ತೀವ್ರ ಗಾಯವಾಗುತ್ತಿತ್ತು. ಹೊಸ ಸಂಹಿತೆಯಲ್ಲಿ ಅದು 15 ದಿನ. ಅಂದರೆ ಅದೇ ಏಟು, ಅದೇ ಗಾಯ, ಆದರೆ 16 ದಿನ ಮಲಗಿದವನ ಪ್ರಕರಣ ಈಗ ಮೇಲಿನ ಮೆಟ್ಟಿಲಿಗೆ ಹತ್ತುತ್ತದೆ. ಸರಗಳ್ಳತನದಂಥ ಕಸಿದೋಡುವ ಕೃತ್ಯಕ್ಕೆ ಹಿಂದೆ ಪ್ರತ್ಯೇಕ ಕಲಂ ಇರಲಿಲ್ಲ. ಕಳ್ಳತನವೋ ಸುಲಿಗೆಯೋ ಎಂದು ಠಾಣೆ ನೋಡಿಕೊಳ್ಳುತ್ತಿತ್ತು. ಈಗ 304 ಎಂಬ ಸ್ವತಂತ್ರ ಕಲಂ ಬಂದಿದೆ. ಮುಂದಿನ ಸಂಪುಟಗಳಲ್ಲಿ ಸುಲಿಗೆ ಇಳಿದಂತೆ ಕಂಡರೆ ಅದರಲ್ಲಿ ಒಂದು ಪಾಲು ಈ ಮನೆ ಬದಲಾವಣೆಯದೂ ಆಗಿರಬಹುದು.

ಇನ್ನು ನಮ್ಮಂಥ ಊರಿಗೆ ಈ ವರದಿ ಎಲ್ಲಿ ಕೈಕೊಡುತ್ತದೆ ಎಂಬ ವಿಚಾರ. ಮಹಾನಗರಗಳಿಗೆ ಪ್ರತ್ಯೇಕ ಕೋಷ್ಟಕಗಳಿವೆ, ಆದರೆ ಆ ಪಟ್ಟಿಯಲ್ಲಿರುವುದು 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ 19 ನಗರಗಳು ಮಾತ್ರ. ಕರ್ನಾಟಕದಿಂದ ಬೆಂಗಳೂರು ಒಂದೇ. ಮೈಸೂರಿಗೂ ಹುಬ್ಬಳ್ಳಿ–ಧಾರವಾಡಕ್ಕೂ ಅದರಲ್ಲಿ ಜಾಗವಿಲ್ಲ. ಅವು ಕಮಿಷನರೇಟ್‌ಗಳಾದ್ದರಿಂದ ಜಿಲ್ಲಾವಾರು ಕೋಷ್ಟಕದಲ್ಲಿ ಪ್ರತ್ಯೇಕ ಸಾಲು ಪಡೆದಿವೆ. ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರಗಳು ಜಿಲ್ಲೆಯ ಒಂದು ಸಾಲಿನೊಳಗೆ ಕರಗಿಹೋಗುತ್ತವೆ. ಆ ಸಾಲಾದರೂ ನಾವು ತಿಳಿದಿರುವ ಜಿಲ್ಲೆಯೇ ಎಂದರೆ ಅದೂ ಅಲ್ಲ. ಕಂದಾಯದ ನಕ್ಷೆಯಲ್ಲಿ ಆನೇಕಲ್ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಗೆ ಸೇರಿದ್ದರೂ ಅತ್ತಿಬೆಲೆಯಂಥ ಠಾಣೆಗಳು ಗ್ರಾಮಾಂತರ ಎಸ್‌ಪಿಯವರ ವ್ಯಾಪ್ತಿಯಲ್ಲಿ ಬಂದವು. ದೇವನಹಳ್ಳಿ ತಾಲ್ಲೂಕಿನ ನೆಲದಲ್ಲಿರುವ ವಿಮಾನ ನಿಲ್ದಾಣದ ಠಾಣೆ ನಗರ ಕಮಿಷನರ್ ಅವರ ಕೆಳಗಿದೆ. ಕೋಲಾರ ಜಿಲ್ಲೆಯಿಂದ ಕೆಜಿಎಫ್ ಪ್ರತ್ಯೇಕ ಪೊಲೀಸ್ ಜಿಲ್ಲೆಯಾಗಿರುವುದೂ ಇಂಥದ್ದೇ. ಈಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಬೆಂಗಳೂರು ಉತ್ತರ ಎಂದು ಕರೆಯುವ ತೀರ್ಮಾನ 2025ರ ಜುಲೈನಲ್ಲಿ ಸಚಿವ ಸಂಪುಟದಲ್ಲಿ ಆಗಿದೆ. ಹೆಸರು, ಗಡಿ, ವ್ಯಾಪ್ತಿಗಳು ಹೀಗೆ ಬದಲಾಗುತ್ತಿರುವಾಗ ಹತ್ತು ವರ್ಷದ ಹಿಂದಿನ ಸಾಲನ್ನು ಇಂದಿನ ಸಾಲಿನ ಪಕ್ಕ ಇಡುವ ಮುನ್ನ ಯಾವ ಯಾವ ಠಾಣೆಗಳು ಒಳಗಿದ್ದವು ಎಂದು ಕೇಳಬೇಕಾಗುತ್ತದೆ. ವರದಿ ಅದನ್ನು ಹೇಳುವುದಿಲ್ಲ. ನಾನು ಅಷ್ಟೊಂದು ಮೆಚ್ಚಿದ ಕಾರಣಗಳ ಕೋಷ್ಟಕವಂತೂ ರಾಜ್ಯ ಮತ್ತು ಮಹಾನಗರಗಳ ಮಟ್ಟದಲ್ಲೇ ನಿಂತುಬಿಡುತ್ತದೆ, ಜಿಲ್ಲೆಗೂ ಇಳಿಯುವುದಿಲ್ಲ.

ಜನಸಂಖ್ಯೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಅಪರಾಧದ ದರವೆಂದರೆ ಲಕ್ಷ ಜನಕ್ಕೆ ಎಷ್ಟು ಪ್ರಕರಣ ಎಂಬ ಲೆಕ್ಕ, ಆದರೆ ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಗೊತ್ತುಮಾಡಲಾಗಿದೆ. ರಾಜ್ಯಗಳಿಗೆ ವರದಿ ಅಂದಾಜು ಜನಸಂಖ್ಯೆಯನ್ನು ಬಳಸುತ್ತದೆ, ಮಹಾನಗರಗಳಿಗೆ ನೇರವಾಗಿ 2011ರ ಸಂಖ್ಯೆಯನ್ನೇ ಬಳಸುತ್ತದೆ. ಬೆಂಗಳೂರಿಗೆ ಸುಮಾರು 85 ಲಕ್ಷ ಎಂದು ಹಿಡಿದು ಇಂದಿನ ಪ್ರಕರಣಗಳನ್ನು ಅದರಿಂದ ಭಾಗಿಸಿದರೆ ದರ ಇದ್ದುದಕ್ಕಿಂತ ಹೆಚ್ಚು ಕಾಣುವುದು ಸಹಜ. ಬೇಗ ಬೆಳೆದ ಊರಿಗೆ ಈ ಅನ್ಯಾಯ ಹೆಚ್ಚು. ಒಂದು ಊರಿನಲ್ಲಿ ವರ್ಷಕ್ಕೆ ಮೂರು ಕೊಲೆಗಳಾದವು ಎಂದಿಟ್ಟುಕೊಳ್ಳಿ. ಹಳೆಯ ಗಣತಿಯಂತೆ ಜನಸಂಖ್ಯೆ 60 ಸಾವಿರ ಎಂದು ಹಿಡಿದರೆ ದರ ಲಕ್ಷಕ್ಕೆ 5. ಬಾಡಿಗೆ ಕೋಣೆಗಳಲ್ಲಿ, ಶೆಡ್‌ಗಳಲ್ಲಿ, ಹೊಸ ಲೇಔಟ್‌ಗಳಲ್ಲಿ ಇರುವವರೆಲ್ಲ ಸೇರಿ ನಿಜವಾಗಿ ಒಂದು ಲಕ್ಷವಾಗಿದ್ದರೆ ದರ 3. ಹೊರಗಿನಿಂದ ಬಂದ ಕಾರ್ಮಿಕರು ಅಪರಾಧ ಮಾಡಿದರೆ ಮೇಲಿನ ಅಂಕಿಗೆ ಸೇರುತ್ತಾರೆ, ಜನಸಂಖ್ಯೆಯ ಅಂಕಿಗೆ ಮಾತ್ರ ಸೇರಿರುವುದಿಲ್ಲ. ‘ಹೊರಗಿನವರು ಬಂದ ಮೇಲೆ ಊರು ಕೆಟ್ಟಿತು’ ಎಂಬ ಮಾತಿಗೆ ಲೆಕ್ಕದ ಬೆಂಬಲವಿದೆ ಎಂದು ತೋರುವುದರಲ್ಲಿ ಈ ದೋಷದ ಪಾಲು ದೊಡ್ಡದು. ಬಿಹಾರ, ಒಡಿಶಾ, ಅಸ್ಸಾಂಗಳಿಂದ ಬಂದು ನಮ್ಮ ಅಂಗಡಿಯಲ್ಲಿ ಆಧಾರ್ ವಿಳಾಸ ತಿದ್ದುಪಡಿಗೆ ವಿಚಾರಿಸುವ ಹುಡುಗರ ಬಗ್ಗೆ ಇದೇ ಮಾತನ್ನು ಅವರ ಎದುರಿಗೇ ಆಡುವುದನ್ನು ಕೇಳಿದ್ದೇನೆ, ಅದು ನನಗೆ ಬಹಳ ನೋವು ಕೊಟ್ಟಿದೆ.

ಸಣ್ಣ ಊರಿಗೆ ಇನ್ನೊಂದು ತೊಡಕಿದೆ. ಲಕ್ಷಕ್ಕೆ 2.1 ಎಂಬ ದೇಶದ ದರವನ್ನೇ 60 ಸಾವಿರ ಜನರ ಊರಿಗೆ ಅನ್ವಯಿಸಿದರೆ ವರ್ಷಕ್ಕೆ ಒಂದೂಕಾಲು ಕೊಲೆ ಎಂದಾಗುತ್ತದೆ. ಇಂಥ ಊರಿನಲ್ಲಿ ಒಂದು ವರ್ಷ ಒಂದೂ ಆಗದೆ, ಮರುವರ್ಷ ಒಂದು, ಅದರ ಮರುವರ್ಷ ಮೂರು ಆಗಬಹುದು. ಊರಿನ ಸ್ವಭಾವದಲ್ಲಿ ಏನೂ ಬದಲಾಗಿರಬೇಕಿಲ್ಲ. ಆದರೆ ‘ಕೊಲೆಗಳಲ್ಲಿ ಮೂರು ಪಟ್ಟು ಏರಿಕೆ’ ಎಂಬ ತಲೆಬರಹಕ್ಕೆ ಅಷ್ಟು ಸಾಕು. ಒಂದೇ ಮನೆಯ ದಾಯಾದಿ ಜಗಳದಲ್ಲಿ ಇಬ್ಬರು ಸತ್ತರೂ ಆ ವರ್ಷದ ಊರಿನ ಚಿತ್ರವೇ ಬದಲಾಗುತ್ತದೆ. ಹಾಗಾಗಿ ಸಣ್ಣ ಊರಿನ ಏರಿಳಿತದ ದಿಕ್ಕನ್ನು ತಿಳಿಯಬೇಕಾದರೆ ವರ್ಷದಿಂದ ವರ್ಷಕ್ಕೆ ನೋಡದೆ ಐದೈದು ವರ್ಷಗಳನ್ನು ಕೂಡಿಸಿ ನೋಡಬೇಕು, ಜೊತೆಗೆ ಸಂಖ್ಯೆಗಿಂತ ಹೆಚ್ಚಾಗಿ ಕಾರಣಗಳನ್ನು ಓದಬೇಕು. ಇದನ್ನು ಮಾಡಲು ಬೇಕಾದ ಠಾಣಾವಾರು ಸಾಮಗ್ರಿಯನ್ನು ವರದಿ ಕೊಡುವುದಿಲ್ಲ ಎಂಬುದೇ ನನ್ನ ಮುಖ್ಯ ತಕರಾರು.

ತಡವೂ ಒಂದು ದೋಷ. 2021ರ ಸಂಪುಟ 2022ರ ಆಗಸ್ಟ್‌ನಲ್ಲಿ ಬಂದಿತ್ತು, 2022ರದ್ದು 2023ರ ಡಿಸೆಂಬರ್‌ನಲ್ಲಿ, 2023ರದ್ದು 2025ರ ಸೆಪ್ಟೆಂಬರ್ ಕೊನೆಯಲ್ಲಿ. ನಮ್ಮ ಕಡೆ ಅಷ್ಟು ಹೊತ್ತಿಗೆ ಹೊಲ ಲೇಔಟ್ ಆಗಿ, ಲೇಔಟಿನಲ್ಲಿ ಮೂರಂತಸ್ತಿನ ಮನೆಗಳು ಎದ್ದು, ಅವುಗಳಿಗೆ ಬಾಡಿಗೆದಾರರೂ ಬಂದಿರುತ್ತಾರೆ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದ ಎರಡು ಸೇವೆಗಳು. ಒಂದು, ಘಟಕವಾರು ಅಂಕಿಗಳಿರುವ ಮಾಸಿಕ ಅಪರಾಧ ಪರಾಮರ್ಶೆ. ದೆಹಲಿಯ ಸಂಪುಟಕ್ಕೆ ಕಾಯದೆ ಜಿಲ್ಲೆಯ ಸ್ಥಿತಿ ತಿಳಿಯಲು ಇದು ಉಪಯುಕ್ತ. ಇನ್ನೊಂದು, ಎಫ್‌ಐಆರ್ ಹುಡುಕುವ ಸೌಲಭ್ಯ. 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟ್ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ, ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಜಾಲತಾಣಕ್ಕೆ ಏರಿಸಬೇಕೆಂದು ನಿರ್ದೇಶಿಸಿತು. ಸಂಪರ್ಕದ ಅಡಚಣೆ ಇರುವ ಕಡೆ 72 ಗಂಟೆಯವರೆಗೆ ಅವಕಾಶ ಕೊಟ್ಟಿತು. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಹೊರಗಿಟ್ಟಿತು. ಆಸ್ಪತ್ರೆಯಿಂದ ಠಾಣೆಗೆ, ಠಾಣೆಯಿಂದ ವಕೀಲರ ಮನೆಗೆ ಅಲೆಯುವ ಬಡವರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದನ್ನು ದಿನವೂ ನೋಡುತ್ತೇನೆ. ಆದರೆ ಇದು ಒಂದೊಂದು ಪ್ರಕರಣವನ್ನು ತೋರಿಸುವ ಕಿಟಕಿ. ವರ್ಷಕ್ಕೆ ಎಷ್ಟು, ಯಾವ ಕಾರಣಕ್ಕೆ, ಯಾವ ಬೀಟ್‌ನಲ್ಲಿ ಎಂಬ ಮೊತ್ತ ಕಟ್ಟುವ ಸಾಧನವಲ್ಲ. ಮೊತ್ತ ಬೇಕಾದವರು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಠಾಣೆಯ ವ್ಯಾಪ್ತಿಯಲ್ಲಿ ಕಳೆದ ಹತ್ತು ವರ್ಷ ದಾಖಲಾದ ಕೊಲೆ ಪ್ರಕರಣಗಳ ವರ್ಷವಾರು ಸಂಖ್ಯೆ ಮತ್ತು ಕಾರಣ ಎಂದು ಕೇಳಲು ಅಷ್ಟು ಪದಗಳೂ ಬೇಕಾಗುವುದಿಲ್ಲ.

ದೇಶದ ದೀರ್ಘಕಾಲದ ಚಿತ್ರ ಬೇಕಾದವರಿಗೆ, ಪತ್ರಕರ್ತರಿಗೆ, ಕಾನೂನು ವಿದ್ಯಾರ್ಥಿಗಳಿಗೆ ನಾನು ಈ ವರದಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ತನ್ನ ಊರಿನ ಬಗ್ಗೆ ತಿಳಿಯಬೇಕಾದ ಪುರಸಭೆ ಅಥವಾ ನಗರಸಭೆಯ ಸದಸ್ಯನಿಗೆ, ಬೀದಿದೀಪ ಎಲ್ಲಿ ಬೇಕೆಂದು ಅರ್ಜಿ ಬರೆಯುವ ನಿವಾಸಿಗಳ ಸಂಘಕ್ಕೆ ಇದೇ ವರದಿಗೆ ಒಂದೂವರೆ ಅಂಕಕ್ಕಿಂತ ಹೆಚ್ಚು ಕೊಡಲಾರೆ. ಇದಕ್ಕಾಗಿ ಹೊಸ ಸಮೀಕ್ಷೆ ನಡೆಸಬೇಕಿಲ್ಲ. ಪ್ರತಿ ಠಾಣೆಯಲ್ಲೂ ಈ ಅಂಕಿ ಈಗಾಗಲೇ ಇದೆ, ಪ್ರತಿ ತಿಂಗಳೂ ಮೇಲಿನ ಕಚೇರಿಗೆ ಹೋಗುತ್ತಲೂ ಇದೆ. ಮೇಲಕ್ಕೆ ಹೋಗುವ ಹಾಳೆಯ ಒಂದು ಪ್ರತಿಯನ್ನು, ಹೆಸರುಗಳಿಲ್ಲದೆ, ಕಾರಣಗಳೊಂದಿಗೆ, ಕನ್ನಡದಲ್ಲಿ ಠಾಣೆಯ ಫಲಕಕ್ಕೆ ಅಂಟಿಸಿದರೆ ನಮ್ಮಂಥ ಊರುಗಳಿಗೆ ಸಾಕು. ತಹಶೀಲ್ದಾರರ ಕಚೇರಿಯಲ್ಲಿ ಪೋಡಿ ಅರ್ಜಿಗಳು ಎಷ್ಟು ಬಾಕಿಯಿವೆ ಎಂಬ ಪಟ್ಟಿಯನ್ನು ಅದರ ಪಕ್ಕದಲ್ಲೇ ಇಟ್ಟು ಓದಬೇಕೆಂಬುದು ನನ್ನ ಆಸೆ.

ಆ ತಾಯಿ ಮತ್ತೆ ಬಂದಾಗ ನನಗೆ ಹೇಳಲು ಸಾಧ್ಯವಾದದ್ದು ಇಷ್ಟು. ಹೆಣ್ಣುಮಕ್ಕಳ ಮೇಲಿನ ಅಪರಾಧಗಳೆಂದು 2022ರಲ್ಲಿ ದೇಶದಲ್ಲಿ ದಾಖಲಾದ 4,45,256 ಪ್ರಕರಣಗಳಲ್ಲಿ ಅತಿ ದೊಡ್ಡ ಪಾಲು, ನೂರಕ್ಕೆ ಸುಮಾರು 31, ಗಂಡ ಮತ್ತು ಅವನ ಕಡೆಯವರ ಕ್ರೌರ್ಯದ್ದು. ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ ಆಗಿರುವುದು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು. ಹೆದ್ದಾರಿಯ ಊರಿನಲ್ಲಿರುವ ನಾವು ಭಯಪಡಬೇಕಾದದ್ದು ಇನ್ನೊಂದಿದೆ: ಅದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491, ಅಂದರೆ ಕೊಲೆ ಪ್ರಕರಣಗಳ ಸುಮಾರು ಆರು ಪಟ್ಟು. ಬಸ್ಸಿಳಿದು ಬರುವ ದಾರಿಯಲ್ಲಿ ಸರ್ವಿಸ್ ರಸ್ತೆ ದಾಟುವ ಜಾಗ ಎಲ್ಲಿದೆ, ಅಲ್ಲಿ ದೀಪವಿದೆಯೇ ಎಂದು ಕೇಳಿದೆ. ಇಲ್ಲ ಎಂದರು. ನಮ್ಮ ಊರಿನ ಲೆಕ್ಕ ಯಾರೂ ಕೊಟ್ಟಿಲ್ಲ, ಹಾಗಾಗಿ ಕಳಿಸಿ ಎಂದಾಗಲೀ ಬೇಡ ಎಂದಾಗಲೀ ಹೇಳುವ ಅಧಿಕಾರ ನನಗಿಲ್ಲ ಎಂದೂ ಹೇಳಿದೆ. ದೀಪಕ್ಕಾಗಿ ಒಂದು ಅರ್ಜಿ ಟೈಪ್ ಮಾಡಿ ಕೊಟ್ಟೆ, ಅದೇ ದಾರಿಯಲ್ಲಿ ಓಡಾಡುವ ಇನ್ನೂ ಹನ್ನೊಂದು ಮಂದಿ ಅದಕ್ಕೆ ಸಹಿ ಹಾಕಿದ್ದಾರೆ. ಮಗಳು ಕೆಲಸಕ್ಕೆ ಹೋಗುತ್ತಿದ್ದಾಳೆ. ಅವಳ ತಮ್ಮ ಬಸ್ ನಿಲ್ದಾಣದವರೆಗೆ ಬರುತ್ತಾನೆ.

ಮೂರು ಸಂಪುಟಗಳನ್ನೂ ಮುದ್ರಿಸಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಕೊಲೆಯ ಕಾರಣಗಳ ಕೋಷ್ಟಕವನ್ನೂ, ಅಂಕಿಗಳನ್ನು ಹೇಗೆ ಓದಬಾರದು ಎಂಬ ಎಚ್ಚರಿಕೆಯ ಪುಟವನ್ನೂ ನಾನೇ ಕನ್ನಡಕ್ಕೆ ಮಾಡಿ ಎರಡು ಹಾಳೆಗಳಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ. ಕೇಳಿದವರಿಗೆ ಕೊಡುತ್ತೇನೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.